ಬಿಸಿಲಿಗಿಟ್ಟ ಕೀವು, ವರಾಂಡಕ್ಕೆ ಪರದೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಮೊಮ್ಮಗಳ ಬಲಗಿವಿಯಿಂದ ಕೀವು ಸುರಿಯುತ್ತಿದೆ. ಅದರಲ್ಲಿ ಬ್ಯಾಕ್ಟೀರಿಯಾವೇ ಇಲ್ಲವೆಂದು ನಿಮ್ಮ ಆಸ್ಪತ್ರೆ ಬರೆದುಕೊಟ್ಟಿದೆ. ನಾನಿದನ್ನು ನಂಬುವುದಿಲ್ಲ. ನೀವೂ ನಂಬಿಲ್ಲವೆಂಬ ಗುಮಾನಿ ನನಗಿದೆ.

ನಾನು ನಿಮ್ಮ ಆಸ್ಪತ್ರೆಯ ಎದುರು ಅಂಗಡಿ ಇಟ್ಟಿರುವ ದರ್ಜಿ. ನಾವು ಗುಬ್ಬಿ ಎಂದು ಕರೆಯುವ ಈ ಮೊಮ್ಮಗಳಿಗೆ ನೆಗಡಿಯಾಯಿತು, ಹಿಂದೆಯೇ ಕಿವಿನೋವು ಬಂತು, ದಿಂಬಿನ ಕವರು ಹಳದಿಯಾಯಿತು. ಮೂಗಿನ ಹಿಂದೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ನೆಗಡಿಯ ನೆಪದಲ್ಲಿ ಕಿವಿಯೊಳಗೆ ಹತ್ತುತ್ತವೆ ಎಂದು ನಿಮ್ಮ ಡಾಕ್ಟರೇ ಬಿಡಿಸಿ ಹೇಳಿದರು. ಅವರು ಕೊಟ್ಟ ಸಿರಪ್ಪನ್ನು ಒಂದು ಹೊತ್ತೂ ತಪ್ಪಿಸದೆ ಕುಡಿಸಿದೆವು. ಕೀವು ನಿಲ್ಲಲಿಲ್ಲ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೀವು ತೆಗೆದು, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಲ್ಯಾಬಿಗೆ ಕಳುಹಿಸಿದರು.

"ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬಂದಿದೆ ಅಜ್ಜಿ. ಅದೇ ಸಿರಪ್ ಮುಂದುವರಿಸೋಣ."

"ಏನೂ ಇಲ್ದಿದ್ರೆ ಕೀವೇನು ಆಕಾಶದಿಂದ ಉದುರ್ತಾ ಡಾಕ್ಟ್ರೇ?"

"ನಾನೇನ್ಮಾಡ್ಲಿ ಹೇಳಿ. ಇಲ್ಲಿ ಯಾರ ರಿಪೋರ್ಟಲ್ಲೂ ಏನೂ ಬೆಳೆಯಲ್ಲ."

ಹೊರಬರುವಾಗ ವರಾಂಡದ ಗಾಜಿನಾಚೆಯ ಕೋಣೆಯೊಳಗೆ ನೋಡಿದೆ. ಎದುರಿನ ಕಿಟಕಿಯ ಕಟ್ಟೆ ಮೇಲೆ, ರಣಬಿಸಿಲಿನಲ್ಲಿ, ಬೆಳಿಗ್ಗೆಯಿಂದ ತೆಗೆದ ಕಡ್ಡಿಗಳೆಲ್ಲ ತಟ್ಟೆಯಲ್ಲಿ ಸಾಲಾಗಿ ಒಣಗುತ್ತಿದ್ದವು.

"ಹಿಂಗೇ ಬಿಟ್ರೆ ಒಣಗೋಗಲ್ವೇನಮ್ಮ?" ಎಂದು ನರ್ಸಮ್ಮನನ್ನು ಕೇಳಿದೆ.

"ವ್ಯಾನ್ ಬರೋದೇ ಸಂಜೆಗೆ. ಎಲ್ಲಾ ಒಟ್ಟಿಗೇ ಕಳಿಸ್ಬೇಕು ಅಂತ ಮೇಲಿಂದ ಆರ್ಡರ್ ಇದೆ."

ವಾಪಸು ಹೋಗಿ ಕೇಳಿದಾಗ, ಒಣಗಿದರೆ ಎಷ್ಟೋ ಬ್ಯಾಕ್ಟೀರಿಯಾ ದಾರಿಯಲ್ಲೇ ಸಾಯುತ್ತವೆ ಎಂದು ಡಾಕ್ಟರು ತಲೆ ತಗ್ಗಿಸಿ ಒಪ್ಪಿಕೊಂಡರು. ಹಾಗಾದರೆ ಸ್ವಾಮಿ, ಸತ್ತವನನ್ನು ಕೂಗಿ ಕರೆದು, ಉತ್ತರ ಬರಲಿಲ್ಲವೆಂದು ಮನೆ ಖಾಲಿ ಎನ್ನುವ ಪರೀಕ್ಷೆ ಯಾರ ಅನುಕೂಲಕ್ಕೆ? ನಿಮ್ಮ ಗೇಟಿನ ಮೇಲೆ ದೊಡ್ಡ ಫಲಕವಿದೆ: "ನಮ್ಮ ವ್ಯಾಪ್ತಿಯಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಪತ್ತೆಯಾಗಿಲ್ಲ." ಹುಡುಕುವ ಮೊದಲೇ ಕೊಂದರೆ ಪತ್ತೆ ಹೇಗಾದೀತು? ಕಡ್ಡಿಯ ಮೇಲೆ ಸತ್ತದ್ದು ಕಿವಿಯೊಳಗೆ ಬದುಕಿದೆ, ಸೋತ ಸಿರಪ್ಪನ್ನೇ ಕುಡಿದು ಪಳಗುತ್ತಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕಂಡಿದ್ದೆ, ಕಚೇರಿಯೊಂದು ಕಣ್ಣು ಮುಚ್ಚಿ ಶಹಬ್ಬಾಸ್‌ಗಿರಿ ಪಡೆಯುವುದನ್ನು ಈಗ ಕಂಡೆ.

ಇಷ್ಟನ್ನೂ ಹಿಂದೆಯೇ ಒಮ್ಮೆ ನಿಮಗೆ ಬರೆದುಕೊಟ್ಟಿದ್ದೆ. ಉತ್ತರ ಬರಲಿಲ್ಲ, ನಿಮ್ಮ ಗುಮಾಸ್ತರು ಬಟ್ಟೆ ಹಿಡಿದುಕೊಂಡು ಬಂದರು. ಕಡ್ಡಿಗಳನ್ನಿಡುವ ಆ ಕೋಣೆಗೆ ಪರದೆ ಹೊಲಿಯಬೇಕಂತೆ.

"ಬಿಸಿಲಿನ ಕಿಟಕಿಗಾ ಸಾರ್?"

"ಅದಕ್ಕೆ ಬೇಡ. ವರಾಂಡದ ಕಡೆ ಗಾಜಿಗೆ ಮಾತ್ರ. ಸ್ವಲ್ಪ ದಪ್ಪಗಿರ್ಲಿ, ಒಳಗೆ ಏನೂ ಕಾಣ್ಬಾರ್ದು."

ದೂರು ಕೊಟ್ಟವಳು ನಾನೇ ಎಂದು ಪಾಪ ಅವರಿಗೆ ತಿಳಿದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀವು ಹೆಗಲಿಗೆ ಹೊದಿಕೆಯನ್ನೇ ಹೊಲಿಸಲು ಹೊರಟಿರಿ, ಅದೂ ನನ್ನ ಕೈಯಲ್ಲಿ.

ಗುಬ್ಬಿ ಈಗ ಬಲಗಡೆಯಿಂದ ಕರೆದರೆ ತಿರುಗುವುದಿಲ್ಲ. ಹಟವೆಂದು ಅವಳಮ್ಮ ಮೊನ್ನೆ ಗದರಿದಳು, ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಭಯವಾಗಿದೆ.

ಅವಳ ಕಿವಿಯಿಂದ ಹೊಸದಾಗಿ ಕೀವು ತೆಗೆಸಿ. ತೆಗೆದ ಕೂಡಲೇ, ತೇವ ಆರುವ ಮೊದಲೇ, ಲ್ಯಾಬಿಗೆ ಕಳುಹಿಸಿ. ಎಲ್ಲ ಮಕ್ಕಳದ್ದೂ ಹಾಗೆಯೇ ಹೋಗಲಿ. ಏನು ಬೆಳೆದರೂ ಮುಚ್ಚಿಡದೆ ಹೇಳಿ, ಫಲಕ ಇಳಿಸಬೇಕಾಗಿ ಬಂದರೆ ಇಳಿಸಿ. ಅಲ್ಲಿಯವರೆಗೆ ನಿಮ್ಮ ಬಟ್ಟೆಗೆ ನಾನು ಕತ್ತರಿ ಹಾಕುವುದಿಲ್ಲ.

ಇಂತಿ,
ಮೊಮ್ಮಗಳ ಎಡಗಡೆಗೇ ಕೂತು ಮಾತಾಡುವುದನ್ನು ಕಲಿಯುತ್ತಿರುವ,
ನಿಮ್ಮ ಪರದೆಯ ದರ್ಜಿ