ಬಂಡೆಯಾಚೆಯ ಕಡಲಹುಲ್ಲು

ಜೂನ್ ೩
ಬೆಳಗ್ಗೆ ಡೈವ್. ಕೈ ಚಾಚಿದರೆ ನನ್ನ ಬೆರಳೇ ನನಗೆ ಕಾಣಲಿಲ್ಲ. ಹೊಳೆ ಸಮುದ್ರ ಸೇರುವಲ್ಲೇ ನನ್ನ ಪ್ಲಾಟ್, ನೀರಡಿಯಲ್ಲಿ ನಾನು ಹುಲ್ಲು ಬೆಳೆಸುವ ಜಾಗ. ಮೇಲೆ ರಸ್ತೆಗೆಂದು ಗುಡ್ಡ ಕಡಿಯುತ್ತಿದ್ದಾರೆ. ಮಳೆ ಬಿದ್ದರೆ ಕೆಂಪು ಮಣ್ಣೆಲ್ಲ ನೇರ ನನ್ನ ಕಡಲಹುಲ್ಲಿನ ಮೇಲೆ. ಎಲೆಗೆ ಹೂಳು ಮೆತ್ತಿದರೆ ಬೆಳಕಿಲ್ಲ. ಬೆಳಕಿಲ್ಲದಿದ್ದರೆ ಹುಲ್ಲಿಲ್ಲ.
ಓರಗಿತ್ತಿಯ ಪ್ಲಾಟ್ ಬಂಡೆಯಾಚೆ. ಹಸಿರೋ ಹಸಿರು. ಮೈದುನನ ಹೆಂಡತಿ, ಓದಿಕೊಂಡು ಮನೆಯಲ್ಲಿ ಕೂತಿದ್ದಾಳೆ ಎಂದು ನಮ್ಮ ಕಡಲ ಸಂಶೋಧನಾ ಸ್ಟೇಶನ್ನಿಗೆ ಸೇರಿಸಿದವಳು ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ.

ಜೂನ್ ೪
ಅವಳ ಪ್ಲಾಟಿಗೆ ಕಡಲಹಸು ಬಂದಿತ್ತಂತೆ, ಮರಿಯ ಜೊತೆ. ಮೇಯಲು ಅದಕ್ಕೂ ಅವಳ ಹುಲ್ಲೇ ಬೇಕಾಯಿತು! ಡೈರೆಕ್ಟರು ಫೋಟೊ ಗೋಡೆಗೆ ಅಂಟಿಸಿದ್ದಾರೆ. ಊಟದ ಹೊತ್ತಿಗೆ ಅತ್ತೆ, "ಚಿಕ್ಕವಳ ಕೈಗುಣ ಚೆನ್ನಾಗಿದೆ ಕಣೆ" ಅಂದರು. ಕೈಗುಣವಂತೆ. ಸಮುದ್ರಕ್ಕೆ ಇವಳು ನೀರು ಹೊತ್ತು ಹಾಕಿದಳೇ?
ಹೊಟ್ಟೆ ಉರಿಯುತ್ತಿದೆ. ಬರೆಯಲು ಏನು ನಾಚಿಕೆ, ಓದುವವರು ಯಾರು...

ಜೂನ್ ೯, ಸಂಜೆ
ಮೀಟಿಂಗ್. ಹೂಳು ತಡೆಯುವ ತೇಲುಪರದೆ ಬಂದಿದೆ. ಒಂದೇ. ನನ್ನ ಪ್ಲಾಟಿನ ಮುಂದೆ ಕಟ್ಟೋಣ ಎಂದೆ.
"ಮಣ್ಣು ಬಂಡೆಯಾಚೆ ತಿರುಗಲ್ಲ ತಾನೆ?" ಡೈರೆಕ್ಟರು ಕೇಳಿದರು.
"ಬಂಡೆ ಇದ್ಯಲ್ಲ ಸಾರ್, ತಡಿಯತ್ತೆ."
ತಡೆಯುವುದಿಲ್ಲ. ಪರದೆಗೆ ತಾಗಿ ತಿರುಗಿದ ಮಣ್ಣನ್ನು ಇಳಿತದ ಹೊತ್ತಿನ ಸೆಳೆತ ಬಂಡೆ ಸುತ್ತಿಸಿ ಆಚೆಗೇ ಒಯ್ಯುತ್ತದೆ. ಇಷ್ಟು ವರ್ಷ ಇಲ್ಲೇ ಮುಳುಗಿದವಳಿಗೆ ಗೊತ್ತಿಲ್ಲವೇ? ಓರಗಿತ್ತಿಗೆ ಗೊತ್ತಿಲ್ಲ. "ಅಕ್ಕ ಹೇಳಿದ್ಮೇಲೆ ಮುಗೀತು ಸಾರ್, ಅವರದ್ದು ಮೊದಲು ಉಳೀಲಿ" ಅಂದಳು.
ಆ ಒಳ್ಳೆಯತನ ನೋಡಿ ಇನ್ನಷ್ಟು ಉರಿಯಿತು.

ಜುಲೈ ೬
ಮಳೆ ಬಿಟ್ಟಿತು. ನನ್ನ ಪ್ಲಾಟಿನಲ್ಲಿ ಹೊಸ ಚಿಗುರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.
ಆಮೇಲೆ ಬಂಡೆಯಾಚೆ ಹೋದೆ. ಕೆಸರು. ಎಲೆಗಳು ಕಪ್ಪಾಗಿವೆ, ಬುಡ ಕೊಳೆತಿದೆ. ಮುಟ್ಟಿದರೆ ಕೈಗೇ ಬರುತ್ತವೆ. ಕಡಲಹಸುವಿನ ಸುಳಿವಿಲ್ಲ.

ಜುಲೈ ೭
ಲ್ಯಾಬಿನವರೆಲ್ಲ ಅವಳ ಸುತ್ತ. ಡೈರೆಕ್ಟರೇ ಟೀ ತಂದುಕೊಟ್ಟರು. ನನ್ನ ಚಿಗುರಿನ ಮಾತು ಯಾರೂ ಎತ್ತಲಿಲ್ಲ. ಹುಲ್ಲು ಸತ್ತ ಮೇಲೂ ಅವಳದ್ದೇ ದರ್ಬಾರು!
ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈ ಹಿಡಿದುಕೊಂಡಳು. "ಅಕ್ಕ, ನಾನೆಲ್ಲಿ ತಪ್ಪಿದೆ ಹೇಳಿ. ರಿಪೋರ್ಟಲ್ಲಿ ಏನಂತ ಬರೀಲಿ?"
"ಅನುಭವ ಸಾಲದು ಅಂತ ಬರಿ" ಅಂದೆ.
ಹಾಗೇ ಬರೆದಳು. ಸಹಿ ಹಾಕಿ ಕೊಟ್ಟೂ ಬಂದಳು. ಮುಂದಿನ ತಿಂಗಳಿಂದ ಅವಳಿಗೆ ಡೈವ್ ಇಲ್ಲ, ಆಫೀಸಿನ ಕೆಲಸವಂತೆ.
ಈಗ ಮನೆಯಲ್ಲಿ, ಕೆಳಗೆ ಊಟಕ್ಕೆ ಕಾಯುತ್ತಿದ್ದಾಳೆ. "ಅಕ್ಕ ಬರ್ಲಿ ಅತ್ತೆ, ಜೊತೆಗೇ ಕೂರ್ತೀನಿ" ಅನ್ನುವುದು ಇಲ್ಲಿಗೇ ಕೇಳುತ್ತಿದೆ. ತುತ್ತು ಹೇಗೆ ಇಳಿಯಬೇಕು ನನಗೆ? ಇಳಿದು ಹೋಗಿ ಎಲ್ಲರೆದುರು ಹೇಳಿಬಿಡುತ್ತೇನೆ, ಮಣ್ಣು ಆ ಕಡೆ ತಿರುಗುತ್ತದೆಂದು ನನಗೆ ಮೊದಲೇ—