ಮೂವತ್ತಾರನೆಯ ಚಿತ್ರ

ಹೊಸಂಗಡಿ
16-6-2025, ಸೋಮವಾರ
ಬೆಳಿಗ್ಗೆ ಏಳು ಗಂಟೆ

ಪ್ರೀತಿಯ ಶಿಬಿಲಾ,

ಕ್ಷೇಮವಾ ಅಂತ ಕೇಳುವ ಮುಖ ನನಗಿಲ್ಲ. ಮೊದಲು ಒಂದು ಕೆಲಸ ಮಾಡು. ಈ ಕಾಗದ ಅಲ್ಲೇ ಇಡು, ಉಮ್ಮನನ್ನು ಆ ಹಿಂದಿನ ಹಂಚಿನ ಕೋಣೆಯಿಂದ ಎಬ್ಬಿಸು, ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಅಶ್ರಫನ ತಂಗಿಯ ಮನೆಗೆ ಹೋಗಿ. ಮಾವಿನ ಮರ ಮನೆಯ ಕಡೆಗೆ ಬಾಗುತ್ತಾ ಉಂಟು. ಉಳಿದದ್ದನ್ನು ಅಲ್ಲಿ ಕೂತು ಓದು. ಬೈಯುವುದಿದ್ದರೂ ಅಲ್ಲಿಂದಲೇ ಬೈ.

ಜನವರಿಯಿಂದ ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದಿ. ನಿನ್ನ ಗಂಡ ಅಶ್ರಫನೂ ಫೋನ್ ಎತ್ತುವುದಿಲ್ಲ. ಅದಕ್ಕೇ ರಿಕ್ಷಾದ ಜಯಂತನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ಗೇಟಿಗೆ ಸಿಕ್ಕಿಸಿ ಬಂದರೆ ನಾನು ಸುಮ್ಮನಿರುವುದಿಲ್ಲ ಅಂತ ಹೇಳಿದ್ದೇನೆ. ಮಳೆಗೆ ಕಲೆಕ್ಟರು ಶಾಲೆಗೆ ರಜೆ ಕೊಟ್ಟಿದ್ದಾರೆ, ನಾನೇ ಬರಬಹುದಿತ್ತು. ಅಂಗಳಕ್ಕೆ ಕಾಲಿಡಬೇಡ ಅಂತ ನೀನು ಹೇಳಿದ್ದು ನೆಪ ಮಾತ್ರ. ಇದನ್ನೆಲ್ಲ ನನಗೂ ತಾಯಿಯ ಹಾಗಿರುವ ಉಮ್ಮನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ ಮಾರಾಯ್ತಿ.

ಶಿಬಿಲಾ, ಈ ವರ್ಷ ಆ ಮಾವಿನ ಮರದ ಗೂಡಿನಲ್ಲಿ ಮರಿ ಇರಲಿಲ್ಲ. ಅಕ್ಟೋಬರಿನಲ್ಲಿ ಕಡಲ ಹದ್ದುಗಳು ಬಂದವು, ನಾಲ್ಕು ದಿನ ಕಡ್ಡಿ ತಂದು ಒಟ್ಟಿದವು, ಆಮೇಲೆ ಕಾಣಲಿಲ್ಲ. ಜನವರಿಯಲ್ಲಿ ಅಶ್ರಫ್ ಮರ ಕಡಿಯುವವರನ್ನು ಕರೆಸಿದಾಗ ನಾನು ಓಡಿ ಹೋಗಿ ಫಾರೆಸ್ಟ್ ಆಫೀಸಿನಲ್ಲಿ ಕೊಟ್ಟೆನಲ್ಲ, ಬಿಳಿ ಪುಕ್ಕದ ಮರಿ ಕತ್ತು ಎತ್ತಿ ಕೂತ ಚಿತ್ರ, ಅದು ಹಿಂದಿನ ವರ್ಷದ್ದು. ಕಂಪ್ಯೂಟರಿನಲ್ಲಿ ಅವಸರದಲ್ಲಿ ಹುಡುಕುವಾಗ ತಪ್ಪಿ ಬಂದದ್ದು.

ಛೆ, ಇಲ್ಲಿಯೂ ಸುಳ್ಳು ಬರೆದೆ. ಮೇಲಿನ ಸಾಲನ್ನು ಹೊಡೆದು ಹಾಕುವುದಿಲ್ಲ, ನಾನು ಎಂಥವಳು ಅಂತ ನಿನಗೆ ಗೊತ್ತಾಗಲಿ. ತಪ್ಪಿ ಬಂದದ್ದಲ್ಲ. ಹಳೆಯ ಚಿತ್ರವನ್ನು ಬೇಕೆಂದೇ ಆರಿಸಿ, ಮೂಲೆಯಲ್ಲಿ ಈ ವರ್ಷದ ದಿನಾಂಕ ಹಾಕಿ ಪ್ರಿಂಟ್ ತೆಗೆದೆ. ಆಫೀಸರು ಅದನ್ನು ನಂಬಿದರು. ಮರಿ ಹಾರಿತು ಅಂತ ತಾವು ಬಂದು ನೋಡಿ ಬರೆಯುವವರೆಗೆ ಕೊಂಬೆ ಸಹ ಮುಟ್ಟಬಾರದು ಅಂತ ಆರ್ಡರ್ ಕೊಟ್ಟರು. ಅವರು ಇಂದಿಗೂ ಬರಲಿಲ್ಲ. ಬುಡದ ಮಣ್ಣು ಹೋದ ಮಳೆಗೇ ಜರಿದಿದೆ, ಮರ ವಾಲಿದೆ ಅಂತ ಅಶ್ರಫ್ ಅಂದು ಅವರ ಎದುರು ಬಡಕೊಂಡ. ಮೂರು ವರ್ಷದಿಂದ ನೋಡುತ್ತಾ ಇದ್ದೇನೆ, ಮೊದಲಿಂದಲೂ ಹೀಗೆಯೇ ಉಂಟು ಅಂತ ನಾನು ಹೇಳಿದೆ. ನಾನು ಟೀಚರು ನೋಡು, ನನ್ನ ಮಾತು ನಡೆಯಿತು.

ಯಾಕೆ ಹಾಗೆ ಮಾಡಿದೆ ಅಂತ ಕೇಳುತ್ತಿ. ಮರ ಉಳಿದರೆ ಮುಂದಿನ ವರ್ಷವಾದರೂ ಹದ್ದು ಬಂದೀತು ಅಂತ ಆಸೆ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ಆಸೆ ನನ್ನ ಚಿತ್ರಗಳದ್ದು. ನಿಮ್ಮ ಗೇಟಿನ ಎದುರಿನ ಮೋರಿಯ ಮೇಲೆ ಬಿಳಿ ಪೈಂಟಿನ ಗುರುತು ಹಾಕಿ, ಪ್ರತಿ ತಿಂಗಳ ಮೊದಲ ಆದಿತ್ಯವಾರ ಅದೇ ಗುರುತಿನ ಮೇಲೆ ಸ್ಟ್ಯಾಂಡ್ ಇಟ್ಟು ಒಂದೇ ಚಿತ್ರ. ಒಂದು ಮರ, ಮೂವತ್ತಾರು ತಿಂಗಳು. ಜೂನಿನಲ್ಲಿ ಕಾಂಡದ ತುಂಬಾ ಪಾಚಿ, ಡಿಸೆಂಬರಿನಲ್ಲಿ ಮಂಜು, ಫೆಬ್ರವರಿಯಲ್ಲಿ ಹೂ, ಏಪ್ರಿಲಿನಲ್ಲಿ ಕಾಟು ಮಾವಿನಹಣ್ಣು ಹೆಕ್ಕುವ ನಿನ್ನ ಮಕ್ಕಳು. ಹದ್ದಿನ ಬಾಯಿಂದ ಕಡಲ ಹಾವು ಜಾರಿ ಉಮ್ಮ ಒಣಗಿಸಿದ ಮೀನಿನ ಮೇಲೆ ಬಿದ್ದ ದಿನ ನೆನಪುಂಟಾ? ಅವರು ಹದ್ದಿಗೆ ಬೈದದ್ದಕ್ಕಿಂತ ಹೆಚ್ಚು ನನಗೆ ಬೈದರು. ಆಮೇಲೆ ಒಳಗೆ ಕರೆದು ತಿನ್ನಲು ಪತ್ತಿರಿ ಕೊಟ್ಟರು. ಜನವರಿಯಲ್ಲಿ ಮರ ಬಿದ್ದಿದ್ದರೆ ನನ್ನ ಲೆಕ್ಕಕ್ಕೆ ಐದು ಚಿತ್ರ ಕಡಿಮೆ ಆಗುತ್ತಿತ್ತು. ಇಷ್ಟೇ ಕಾರಣ. ಬರೆಯುವಾಗ ನನಗೇ ಅಸಹ್ಯ ಆಗುತ್ತದೆ.

ನಿನ್ನೆ ಸಂಜೆ ಹಳೆಯ ಪ್ರಿಂಟುಗಳನ್ನು ಸಾಲಾಗಿ ಹಾಸಿ ನೋಡುವಾಗ ಸಂಗತಿ ಗೊತ್ತಾಯಿತು. ಎರಡು ಚಿತ್ರ ಇದರೊಟ್ಟಿಗೆ ಇಟ್ಟಿದ್ದೇನೆ. ಒಂದು ಮೊದಲ ವರ್ಷದ್ದು. ಕಾಂಡಕ್ಕೂ ಹಿಂದಿನ ಕರೆಂಟ್ ಕಂಬಕ್ಕೂ ನಡುವೆ ಒಂದು ಬೆರಳು ಅಗಲ ಆಕಾಶ ಕಾಣುತ್ತದೆ. ಇನ್ನೊಂದು ಈ ವರ್ಷದ್ದು. ಆಕಾಶ ಇಲ್ಲ, ಕಾಂಡ ಕಂಬವನ್ನು ಮುಚ್ಚಿದೆ. ಗುರುತು ಅದೇ, ಸ್ಟ್ಯಾಂಡಿನ ಎತ್ತರ ಅದೇ. ಕಂಬವೂ ಗೋಡೆಯೂ ಎರಡರಲ್ಲೂ ನೆಟ್ಟಗೆ ಉಂಟು. ತಿಂಗಳು ತಿಂಗಳು ನೋಡಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮರ ಎಷ್ಟು ಬಾಗಿದೆ ಅಂತ ಕಾಣುತ್ತದೆ. ಕೆಳಗೆ ಇರುವುದು ಉಮ್ಮನ ಹಂಚು.

ಮೇ ತಿಂಗಳ ಹದಿನೆಂಟಕ್ಕೆ ಕಾಸರಗೋಡಿನಲ್ಲಿ ನನ್ನ ಚಿತ್ರಗಳ ಪ್ರದರ್ಶನ ಆಯಿತಲ್ಲ, ಅಲ್ಲಿಗೆ ಉಮ್ಮ ಬಂದಿದ್ದರು. ನಿನಗೆ ಹೇಳಿರಲಿಕ್ಕಿಲ್ಲ. ಕೊಡೆ ಹಿಡಿದುಕೊಂಡು ಬಸ್ಸಿನಲ್ಲಿ ಒಬ್ಬರೇ ಬಂದು, ತಮ್ಮ ಮನೆ ಗೋಡೆಯ ಮೇಲೆ ತೂಗುವುದನ್ನು ಕಂಡು ಹೆಮ್ಮೆಯಿಂದ ನನ್ನ ಕೈ ಹಿಡಿದುಕೊಂಡರು. ನಮ್ಮಿಬ್ಬರ ಜಗಳ ಮಕ್ಕಳಾಟ, ಪೆರ್ನಾಳ್ ಹಬ್ಬಕ್ಕೆ ಮುಂಚೆ ಸರಿ ಮಾಡಿಕೊಳ್ಳಿ ಅಂದರು. ಬೆರಳು ಮಡಚಿ ಎಣಿಸಿ, ಮೂವತ್ತೈದೇ ಉಂಟು, ಒಂದು ಎಲ್ಲಿ ಅಂತ ಕೇಳಿದರು. ಒಂದು ಸರಿ ಬರಲಿಲ್ಲ ಉಮ್ಮ ಅಂದೆ.

ನಿನ್ನೆ ಮಧ್ಯಾಹ್ನ ಜಯಂತ ಒಂದು ಮಾತು ಹೇಳಿದ. ಕೋಣೆ ಬಿಡಿ ಅಂತ ನೀವಿಬ್ಬರೂ ಕಾಲು ಹಿಡಿದರೂ ಉಮ್ಮ ಒಪ್ಪಲಿಲ್ಲವಂತೆ. ಪುಷ್ಪ ತಿಂಗಳು ತಪ್ಪದೆ ನೋಡುತ್ತಾಳೆ, ಮರ ಬಾಗಿದರೆ ಅವಳಿಗೆ ಮೊದಲು ಗೊತ್ತಾಗುತ್ತದೆ, ಗೊತ್ತಾದರೆ ಅವಳು ಹೇಳದೆ ಇರುತ್ತಾಳಾ ಅಂದರಂತೆ.

ಹತ್ತು ಗಂಟೆಗೆ ಆಫೀಸು ತೆರೆಯುತ್ತದೆ. ನಾನು ಮಾಡಿದ್ದನ್ನೆಲ್ಲ ಬರೆದು ಸಹಿ ಹಾಕಿದ್ದೇನೆ, ಒಂದು ಪ್ರತಿ ನಿನಗೂ ಇಟ್ಟಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ, ಕೇಸು ಆದರೆ ಆಗಲಿ. ಇಂದೇ ಮರ ಇಳಿಸಲು ಆರ್ಡರ್ ತೆಗೆದುಕೊಂಡೇ ಬರುತ್ತೇನೆ. ನೀನು ಗೇಟು ತೆಗೆಯದಿದ್ದರೆ ಮೋರಿಯ ಮೇಲೆ ನಿಂತಿರುತ್ತೇನೆ. ಉಮ್ಮ ಹಟ ಮಾಡಿದರೆ ಎತ್ತಿಕೊಂಡಾದರೂ ಹೋಗು, ನಿನ್ನ ದಮ್ಮಯ್ಯ.

ನಿನ್ನ ಗೆಳತಿ ಅಂತ ಬರೆಯಲು ಇನ್ನು ಹಕ್ಕಿಲ್ಲದ
ಪುಷ್ಪಾವತಿ

ಮರೆತದ್ದಲ್ಲ, ಬಿಟ್ಟದ್ದು: ಎರಡನೇ ಚಿತ್ರದ ಬೆನ್ನು ನೋಡು. ಪ್ರತಿ ಚಿತ್ರದ ಹಿಂದೆ ದಿನಾಂಕ ಬರೆಯುವುದು ನನ್ನ ಅಭ್ಯಾಸ. ಇದನ್ನು ಉಜ್ಜಿ ತೆಗೆಯಲು ರಬ್ಬರು ಕೈಯಲ್ಲಿ ಹಿಡಿದಿದ್ದೆ, ಹಾಗೆಯೇ ಕೆಳಗಿಟ್ಟೆ. 4-5-2025. ಉಮ್ಮ ಕೇಳಿದ ಮೂವತ್ತಾರನೆಯದು ಇದೇ. ಮರ ಬಾಗಿದ್ದು ಪ್ರದರ್ಶನಕ್ಕೆ ಜೋಡಿಸುವಾಗಲೇ ಕಂಡಿತ್ತು, ನಿನ್ನೆಯಲ್ಲ. ಅದಕ್ಕೇ ಗೋಡೆಗೆ ಹಾಕಲಿಲ್ಲ. ಇದನ್ನು ಉಮ್ಮನ ಕೈಯಲ್ಲಿ ಕೊಡು. ಪುಷ್ಪನಿಗೆ ಗೊತ್ತಾಗಿತ್ತು, ಅವಳು ಹೇಳಲಿಲ್ಲ ಅಂತ ಹೇಳು. ಆಗ ಅವರು ಏಳುತ್ತಾರೆ.