ಕಾರು ನಿಲ್ಲಿಸಲು ಹೋದ ಅಪ್ಪನಿಗೆ

ಹಾಸ್ಟೆಲ್, ಎರಡನೇ ಮಹಡಿ
ಮಾರ್ಚ್ 11, ಸೋಮವಾರ

ಪ್ರೀತಿಯ ಅಪ್ಪಾ (ಪ್ರೀತಿಯ ಅಂತ ಅಭ್ಯಾಸಬಲದಿಂದ ಬರೆದೆ),

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡ್ತೀನಿ. ನಿಮಗೆ ಒಂದಕ್ಷರ ಬರೆಯಲ್ಲ ಅಂತ ಅಮ್ಮನ ಮುಂದೆ ಶಪಥ ಮಾಡಿದ್ದೆ. ಫೋನ್ ಮಾಡಿದರೆ ಬೈಯೋ ಮೊದಲೇ ಅತ್ತುಬಿಡ್ತೀನಿ, ಅದಕ್ಕೇ ಕಾಗದ. ಹಾಸ್ಟೆಲ್‌ಗಳಲ್ಲೇ ಬೆಳೆದವಳ ಕನ್ನಡ, ತಪ್ಪಿದ್ದರೆ ತಿದ್ದಿಕೊಳ್ಳಿ. ಹೇಗಿದ್ದೀರಿ? ಅತ್ತೆ ಮನೆಯಲ್ಲಿ ಸುಖವಾಗಿ ನಿದ್ದೆ ಬರುತ್ತಾ? ಮೆಟ್ಟಿಲು ಹತ್ತುವಾಗ ಈಗಲೂ ಅರ್ಧಕ್ಕೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳೋ ಹಾಗೆ ನಟಿಸ್ತೀರಾ?

ನಾನು ಚೆನ್ನಾಗಿದ್ದೀನಿ. ನಿಮ್ಮ ಹೊಟ್ಟೆ ಉರಿಯೋಷ್ಟು ಚೆನ್ನಾಗಿದ್ದೀನಿ ಅಂತ ಬರೆಯೋ ಆಸೆಯಿತ್ತು, ಆದರೆ ಸೀನು ಬಂದರೆ ಇನ್ನೂ ಜೀವ ಬಾಯಿಗೆ ಬರುತ್ತೆ. ನನ್ನ ಹೃದಯದ ಆಪರೇಷನ್ ದಿನ ಆಸ್ಪತ್ರೆ ಬಾಗಿಲಲ್ಲಿ ನನ್ನನ್ನೂ ಅಮ್ಮನನ್ನೂ ಇಳಿಸಿ, "ಕಾರು ನಿಲ್ಸಿ ಬಂದ್ಬಿಡ್ತೀನಿ ಪುಟ್ಟಿ" ಅಂದಿರಿ. ಏಳು ವಾರ ಆಯ್ತು. ಊರಿಗೆಲ್ಲ ಡ್ರೈವಿಂಗ್ ಕಲಿಸೋ ಮೇಷ್ಟ್ರಿಗೆ ಇನ್ನೂ ಜಾಗ ಸಿಕ್ಕಿಲ್ಲವಾ? ಫಾರ್ಮಿಗೆ ಅಮ್ಮ ಒಬ್ಬಳೇ ಸಹಿ ಹಾಕಿದಳು. ನನ್ನನ್ನ ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗುವಾಗ ನನ್ನ ಹಲ್ಲು ಕಟಕಟ ಅಂತಿದ್ದವು. ಆಗ ನೆನಪಾದದ್ದು, ನೋಡಿ ನನ್ನ ಕರ್ಮ, ಹೆದರೋ ಹೊಸಬರಿಗೆ ನೀವು ಹೇಳೋ ಮಾತೇ: "ಬಾನೆಟ್ ನೋಡಬೇಡ, ದೂರ ನೋಡು." ದೂರ ನೋಡಿದೆ. ಕಾರಿಡಾರಿನ ಕೊನೆಯಲ್ಲಿ ನೀವಿರಲಿಲ್ಲ.

ಎದೆಯ ಮೂಳೆ ಸೀಳಿ ಜೋಡಿಸಿದ ಮೇಲೆ ಕೆಮ್ಮೋದೇ ಒಂದು ಶಿಕ್ಷೆ. ಕೆಮ್ಮು ಬಂದಾಗ ಎದೆಗೆ ಅವಚಿಕೊಳ್ಳೋಕೆ ಅಂತ ಪುಟ್ಟ ಗಟ್ಟಿ ದಿಂಬು ಕೊಡ್ತಾರೆ. ನಾನು ಅದರ ಮೇಲೆ ಮಾರ್ಕರ್‌ನಲ್ಲಿ "ಅಪ್ಪ" ಅಂತ ಬರೆದೆ. ಒಂದೊಂದು ಕೆಮ್ಮಿಗೂ ನಿಮ್ಮ ಕುತ್ತಿಗೆ ಹಿಸುಕಿದ್ದೀನಿ. ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ, ಕೊಳವೆಯಿಂದ ಉಸಿರು ಎಳೆದರೆ ಚೆಂಡು ಮೇಲೇಳಬೇಕು. ಎಂಟು ದಿನ ಮೂರನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅದು ಎದ್ದ ದಿನ ವ್ಯಾಯಾಮ ಮಾಡಿಸೋ ಮೇಡಂ, "ಯಾರನ್ನ ನೆನೆಸ್ಕೊಂಡೆ?" ಅಂದರು. ನಮ್ಮಪ್ಪನ್ನ ಅಂದೆ. "ಹೆಣ್ಣುಮಕ್ಕಳಿಗೆ ಅಪ್ಪ ಅಂದ್ರೆ ಪ್ರಾಣ" ಅಂತ ಪಕ್ಕದ ಬೆಡ್ಡಿನವರಿಗೂ ಸಾರಿದರು. ನಾನು ತಿದ್ದಲಿಲ್ಲ, ಮಾತಾಡಿದರೆ ನೋಯುತ್ತಿತ್ತು.

ಅತ್ತೆಗೆ ನಮಸ್ಕಾರ. ನಿಮಗೆ ಇಲ್ಲ.

ಇನ್ನೂ ನಿಮ್ಮ ಮಗಳೇ ಆಗಿರೋ
ಪುಟ್ಟಿ

ಮರೆತಿದ್ದೆ: ನನ್ನ ಹೃದಯದ ಕವಾಟ ಹುಟ್ಟಿನಿಂದಲೇ ಸರಿಯಿರಲಿಲ್ಲವಂತೆ, ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದೇ ಇರಬಹುದು, ಇಬ್ಬರೂ ಹೃದಯದ ಸ್ಕ್ಯಾನ್ ಮಾಡಿಸಲೇಬೇಕು ಅಂದರು ಡಾಕ್ಟರು. ಅಮ್ಮನದು ಸರಿಯಿದೆ. ಉಳಿದವರು ಮೆಟ್ಟಿಲ ಮೇಲೆ ಚಪ್ಪಲಿ ಸರಿಮಾಡಿಕೊಳ್ಳೋರು. 21ನೇ ತಾರೀಖು ಗುರುವಾರ ಬೆಳಗ್ಗೆ ಹತ್ತಕ್ಕೆ ಅದೇ ಆಸ್ಪತ್ರೆಯಲ್ಲಿ ನಿಮ್ಮ ಹೆಸರು ಬರೆಸಿದ್ದೀನಿ. ಬಸ್ಸಲ್ಲಿ ಬನ್ನಿ, ಕಾರು ಬೇಡ. ನೀವು ಶರ್ಟ್ ಬಿಚ್ಚಿ ಸ್ಕ್ಯಾನ್ ಹಾಸಿಗೆ ಮೇಲೆ ನಡುಗೋದನ್ನ ನಾನು ಕಣ್ತುಂಬ ನೋಡಬೇಕು. ಬಾಗಿಲಲ್ಲೇ ನಿಂತಿರ್ತೀನಿ, ದೂರ ನೋಡಿದರೆ ಕಾಣೋ ಹಾಗೆ. ದಿಂಬು ತರ್ತೀನಿ. ಬೇಗ ಉತ್ತರ ಬರೆಯಿರಿ.